ಕಂತು ತಪ್ಪಿದರೆ ಪರವಾನಗಿ ಅಮಾನತು: ಅಮೆರಿಕದ ಪಾಠವೇನು?

ಕಳೆದ ವರ್ಷ ಕೆಲವು ತಿಂಗಳು ಮಗಳ ಮನೆಯಲ್ಲಿರಲೆಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಹೋಗಿದ್ದೆ. ಒಂದು ಸಂಜೆ ನಮ್ಮ ಬಂಧುಗಳ ಮಗ ಬಸ್ಸಿನಲ್ಲಿ ಬಂದಿಳಿದ. ಮೂವತ್ತರ ಆಸುಪಾಸಿನ ಸಾಫ್ಟ್‌ವೇರ್ ಎಂಜಿನಿಯರ್. ಕಾರು ಏನಾಯಿತೆಂದು ಕೇಳಿದೆ. ಪೊಲೀಸರು ಎಳೆದುಕೊಂಡು ಹೋದರು ಎಂದ. ಹಿಂಬದಿಯ ದೀಪ ಉರಿಯುತ್ತಿಲ್ಲವೆಂದು ತಡೆದು ನಿಲ್ಲಿಸಿದ ಅಧಿಕಾರಿ ಪರವಾನಗಿಯ ಸಂಖ್ಯೆಯನ್ನು ಕಂಪ್ಯೂಟರಿಗೆ ಕೊಟ್ಟಾಗ, ಅದು ಐದು ವಾರಗಳ ಹಿಂದೆಯೇ ಅಮಾನತುಗೊಂಡಿರುವುದು ತಿಳಿಯಿತಂತೆ. ಈ ವಿಷಯ ಹುಡುಗನಿಗೇ ಗೊತ್ತಿರಲಿಲ್ಲ.

ಹಿನ್ನೆಲೆ ಹೀಗಿದೆ. ಸುಮಾರು ಒಂದೂವರೆ ವರ್ಷದ ಹಿಂದೆ ಗೆಳೆಯನ ಮನೆಯ ಔತಣದಿಂದ ಮರಳುವಾಗ ಆತ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದಿದ್ದ. ಯಾರಿಗೂ ಪೆಟ್ಟಾಗಿರಲಿಲ್ಲ. ನ್ಯಾಯಾಲಯ ದಂಡ ವಿಧಿಸಿತ್ತು, ಕಡ್ಡಾಯ ತರಗತಿಗಳಿಗೆ ಕಳುಹಿಸಿತ್ತು. ಪರವಾನಗಿ ಮರಳಿ ಬೇಕಾದರೆ ವಿಮಾ ಕಂಪೆನಿಯಿಂದ ‘ಎಸ್‌ಆರ್-22’ ಎಂಬ ಪ್ರಮಾಣಪತ್ರವನ್ನು ರಾಜ್ಯದ ಮೋಟಾರು ವಾಹನ ಇಲಾಖೆಗೆ ಸಲ್ಲಿಸಬೇಕೆಂದೂ, ಅದನ್ನು ಮೂರು ವರ್ಷ ಒಂದು ದಿನವೂ ತಪ್ಪದಂತೆ ಉಳಿಸಿಕೊಳ್ಳಬೇಕೆಂದೂ ಇಲಾಖೆ ಹೇಳಿತ್ತು. ಆತ ಹಾಗೆಯೇ ಮಾಡಿದ್ದ. ಆದರೆ ಈ ನಡುವೆ ಬ್ಯಾಂಕು ಹಳೆಯ ಕಾರ್ಡನ್ನು ಬದಲಿಸಿ ಹೊಸದನ್ನು ಕೊಟ್ಟಿತು. ಹಳೆಯ ಕಾರ್ಡಿನಿಂದ ತಾನಾಗಿ ಕಡಿತವಾಗುತ್ತಿದ್ದ ವಿಮೆಯ ಮಾಸಿಕ ಕಂತು ನಿಂತಿತು. ಕಂಪೆನಿಯ ಎಚ್ಚರಿಕೆಯ ಇ-ಮೇಲ್‌ಗಳು ಜಾಹೀರಾತುಗಳ ರಾಶಿಯಲ್ಲಿ ಹೂತುಹೋದವು. ವಿಮೆ ರದ್ದಾಯಿತು. ಕಂಪೆನಿ ಅದನ್ನು ಇಲಾಖೆಗೆ ತಿಳಿಸಿತು. ಇಲಾಖೆಯ ಅಮಾನತು ಪತ್ರ ಆತ ಬಿಟ್ಟುಬಂದಿದ್ದ ಹಳೆಯ ಬಾಡಿಗೆ ಮನೆಯ ವಿಳಾಸಕ್ಕೆ ಹೋಯಿತು.

ಮೊದಲಿಗೆ ನನಗೆ ಹುಡುಗನ ಮೇಲೆ ಮರುಕ ಹುಟ್ಟಿತು. ಈ ಸಲ ಆತ ಒಂದು ಹನಿಯನ್ನೂ ಮುಟ್ಟಿರಲಿಲ್ಲ. ಒಂದು ಪ್ಲಾಸ್ಟಿಕ್ ಕಾರ್ಡಿನ ಅವಧಿ ಮುಗಿದದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ವಾದಿಸಿದೆ. ಮಗಳು ಒಂದೇ ಮಾತು ಕೇಳಿದಳು: ‘ಆ ಐದು ವಾರಗಳಲ್ಲಿ ಇವನ ಕಾರು ಯಾರಿಗಾದರೂ ಗುದ್ದಿದ್ದರೆ ಆಸ್ಪತ್ರೆಯ ಖರ್ಚನ್ನು ಯಾರು ಕೊಡುತ್ತಿದ್ದರು?’ ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಊರಿಗೆ ಮರಳಿದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಎಸ್‌ಆರ್-22 ಎಂಬುದು ವಿಮೆಯಲ್ಲ. ‘ಈ ವ್ಯಕ್ತಿಗೆ ಕಾನೂನು ಬಯಸುವ ಕನಿಷ್ಠ ವಿಮೆಯನ್ನು ನಾವು ಕೊಟ್ಟಿದ್ದೇವೆ, ಅದು ನಿಂತರೆ ನಿಮಗೆ ತಿಳಿಸುತ್ತೇವೆ’ ಎಂದು ವಿಮಾ ಕಂಪೆನಿ ಸರ್ಕಾರಕ್ಕೆ ಬರೆದುಕೊಡುವ ಮುಚ್ಚಳಿಕೆ. ಇದನ್ನು ಎಲ್ಲರಿಂದಲೂ ಕೇಳುವುದಿಲ್ಲ. ಕುಡಿದು ಚಾಲನೆ ಮಾಡಿದವರು, ವಿಮೆಯಿಲ್ಲದೆ ಅಪಘಾತದಲ್ಲಿ ಸಿಲುಕಿದವರು, ಅತಿ ದುಡುಕಿನಿಂದ ಓಡಿಸಿ ಶಿಕ್ಷೆಗೊಳಗಾದವರು ಮುಂತಾದ, ಅಲ್ಲಿನವರು ‘ಹೆಚ್ಚಿನ ಅಪಾಯದ ಚಾಲಕರು’ ಎಂದು ಕರೆಯುವ ವರ್ಗಕ್ಕೆ ಮಾತ್ರ ಇದು ಅನ್ವಯ. ಸಲ್ಲಿಕೆಯ ಶುಲ್ಕ ಸಾಮಾನ್ಯವಾಗಿ 25 ಡಾಲರ್‌ನ ಆಸುಪಾಸಿನದು. ಹೊರೆಯಾಗುವುದು ಅದಲ್ಲ, ಏರುವ ಪ್ರೀಮಿಯಂ. ಕ್ಯಾಲಿಫೋರ್ನಿಯಾದಲ್ಲಿ ಕುಡಿದು ಚಾಲನೆ ಮಾಡಿ ಶಿಕ್ಷೆಗೊಳಗಾದವನು ‘ಉತ್ತಮ ಚಾಲಕ’ರಿಗೆ ಕಾನೂನು ಕೊಡಿಸುವ ಶೇ 20ರ ರಿಯಾಯಿತಿಯನ್ನು ಹತ್ತು ವರ್ಷ ಕಳೆದುಕೊಳ್ಳುತ್ತಾನೆ. ಎಲ್ಲ ಕಂಪೆನಿಗಳೂ ಇಂಥವರಿಗೆ ವಿಮೆ ಕೊಡಲು ಮುಂದೆ ಬರುವುದಿಲ್ಲ. ಯಾರೂ ಕೊಡದಿದ್ದಾಗ ಕಂಪೆನಿಗಳಿಗೆ ಸರದಿಯಂತೆ ಹಂಚಿಕೊಡುವ ರಾಜ್ಯದ ಯೋಜನೆಯೊಂದಿದೆ. ಅಲ್ಲಿಯೂ ದರ ಅಗ್ಗವಲ್ಲ.

ಅಮೆರಿಕದಲ್ಲಿ ಸಾರಿಗೆ ಕಾನೂನು ರಾಜ್ಯಗಳ ಕೈಯಲ್ಲಿರುವುದರಿಂದ ನಿಯಮಗಳು ಒಂದೇ ತೆರನಾಗಿಲ್ಲ. ಬಹುತೇಕ ರಾಜ್ಯಗಳಲ್ಲಿ ಮೂರು ವರ್ಷವಾದರೆ ಟೆಕ್ಸಾಸ್‌ನಲ್ಲಿ ಎರಡು ವರ್ಷ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾಗಳಲ್ಲಿ ಈ ಪತ್ರವೇ ಇಲ್ಲ. ಫ್ಲಾರಿಡಾ 2007ರಿಂದ ಕುಡಿದು ಚಾಲನೆ ಮಾಡಿದವರಿಗೆ ‘ಎಫ್‌ಆರ್-44’ ಎಂಬ ಇನ್ನಷ್ಟು ಕಠಿಣ ಪತ್ರವನ್ನು ತಂದಿತು. ಅಲ್ಲಿ ಒಬ್ಬರ ಗಾಯಕ್ಕೆ ಒಂದು ಲಕ್ಷ ಡಾಲರ್, ಒಂದು ಅಪಘಾತಕ್ಕೆ ಒಟ್ಟು ಮೂರು ಲಕ್ಷ ಡಾಲರ್‌ನಷ್ಟು ರಕ್ಷಣೆ ಇರಲೇಬೇಕು. ವರ್ಜೀನಿಯಾ ಕೂಡ ಅದೇ ದಾರಿ ಹಿಡಿಯಿತು. ಇಷ್ಟೆಲ್ಲ ವ್ಯತ್ಯಾಸಗಳ ನಡುವೆಯೂ ತಿರುಳು ಒಂದೇ: ಒಮ್ಮೆ ನಂಬಿಕೆ ಕಳೆದುಕೊಂಡ ಚಾಲಕನ ವಿಮೆಯ ಮೇಲೆ ಸರ್ಕಾರದ ಕಣ್ಣು ಎಡೆಬಿಡದೆ ಇರಬೇಕು.

ಈ ಚಿಂತನೆಗೆ ನೂರು ವರ್ಷದ ಇತಿಹಾಸವಿದೆ. 1925ರಲ್ಲಿ ಕನೆಕ್ಟಿಕಟ್ ರಾಜ್ಯ, ಅಪಘಾತ ಮಾಡಿದವರು ಮುಂದಿನ ನಷ್ಟಕ್ಕೆ ಹಣದ ಖಾತರಿ ತೋರಿಸಬೇಕೆಂಬ ಕಾನೂನು ಮಾಡಿತು. ಮೊದಲ ಅಪಘಾತದ ಗಾಯಾಳುವಿಗೆ ಇದರಿಂದ ಏನೂ ಸಿಗುವುದಿಲ್ಲ ಎಂಬುದು ಅದರ ದೊಡ್ಡ ಕೊರತೆಯಾಗಿತ್ತು. 1927ರಿಂದ ಮ್ಯಾಸಚೂಸೆಟ್ಸ್ ಎಲ್ಲ ವಾಹನಗಳಿಗೂ ವಿಮೆಯನ್ನು ಕಡ್ಡಾಯಗೊಳಿಸಿತು. ಉಳಿದ ರಾಜ್ಯಗಳು ಆ ದಾರಿಗೆ ಬರಲು ದಶಕಗಳೇ ಬೇಕಾದವು. 500 ಡಾಲರ್ ಕಟ್ಟಿದರೆ ವಿಮೆಯಿಲ್ಲದೆಯೇ ವಾಹನ ಓಡಿಸಬಹುದೆಂಬ ವಿಚಿತ್ರ ಅವಕಾಶವನ್ನು ವರ್ಜೀನಿಯಾ 2024ರ ಜುಲೈವರೆಗೂ ಉಳಿಸಿಕೊಂಡಿತ್ತು. ಕಾನೂನು ಕಡ್ಡಾಯವಾದರೂ ಜನ ಕಡ್ಡಾಯವಾಗಿ ಪಾಲಿಸುತ್ತಾರೆಂದೇನೂ ಅಲ್ಲ. ಅಲ್ಲಿನ ವಿಮಾ ಸಂಶೋಧನಾ ಮಂಡಳಿಯ ಅಂದಾಜಿನಂತೆ 2022ರಲ್ಲಿ ಚಾಲಕರ ಪೈಕಿ ಶೇ 14ರಷ್ಟು ಮಂದಿಗೆ ವಿಮೆ ಇರಲಿಲ್ಲ. ಅಂದರೆ ಏಳರಲ್ಲಿ ಒಬ್ಬರಿಗೆ.

ಇಂಥ ಸ್ಥಿತಿಯಲ್ಲಿ ಎಸ್‌ಆರ್-22 ಮಾಡುವ ಕೆಲಸ ಸಣ್ಣದಲ್ಲ. ಸಾಮಾನ್ಯ ವಿಮೆ ಪೊಲೀಸರು ಕೇಳಿದಾಗ ತೋರಿಸುವ ಒಂದು ಕಾಗದ. ಇಂದು ಕಂತು ಕಟ್ಟಿ ಕಾಗದ ಪಡೆದು ನಾಳೆ ನಿಲ್ಲಿಸಿಬಿಟ್ಟರೂ ಕಾಗದ ಕೈಯಲ್ಲೇ ಇರುತ್ತದೆ. ಎಸ್‌ಆರ್-22 ಇರುವವನ ವಿಷಯದಲ್ಲಿ ಹಾಗಾಗದು. ವಿಮೆ ನಿಂತರೆ ಕಂಪೆನಿ ‘ಎಸ್‌ಆರ್-26’ ಎಂಬ ಸೂಚನೆಯನ್ನು ಇಲಾಖೆಗೆ ಕಳುಹಿಸುತ್ತದೆ. ಹಲವು ರಾಜ್ಯಗಳಲ್ಲಿ ಇನ್ನೂ ಒಂದು ಒಳ್ಳೆಯ ನಿಯಮವಿದೆ: ಹೀಗೆ ಪ್ರಮಾಣೀಕರಿಸಿದ ವಿಮೆಯನ್ನು ಕಂಪೆನಿ ಇಲಾಖೆಗೆ ಸೂಚನೆ ಕೊಟ್ಟು ಹತ್ತು ದಿನ ಕಳೆಯುವವರೆಗೆ ರದ್ದು ಮಾಡುವಂತಿಲ್ಲ. ಕಂತು ಬಾರದಿದ್ದರೂ ಆ ದಿನಗಳಲ್ಲಿ ಅಪಘಾತವಾದರೆ ಗಾಯಾಳುವಿಗೆ ರಕ್ಷಣೆ ಇರುತ್ತದೆ. ವಿಮೆ ಎಂಬುದು ಕಟ್ಟುವವನ ಹಿತಕ್ಕಿಂತ ಮಿಗಿಲಾಗಿ, ಅವನಿಗೆ ಗುರುತೇ ಇಲ್ಲದ ದಾರಿಹೋಕನ ಹಿತಕ್ಕೆ ಇದೆ ಎಂಬ ತಿಳಿವಳಿಕೆ ಈ ನಿಯಮದ ಹಿಂದಿದೆ.

ಆದರೆ ವ್ಯವಸ್ಥೆಯ ಇನ್ನೊಂದು ಮುಖವನ್ನೂ ನೋಡಬೇಕು. ಈ ಪತ್ರವನ್ನು ಉಳಿಸಿಕೊಳ್ಳುವುದೆಂದರೆ ಒಂದು ದಿನವೂ ಮೈಮರೆಯದೆ ಮೂರು ವರ್ಷ ಲೆಕ್ಕ ಇಡುವುದು. ಕಂಪೆನಿ ಬದಲಿಸಬೇಕಾದರೆ ಹೊಸ ಕಂಪೆನಿಯ ಪತ್ರ ಇಲಾಖೆಗೆ ಮುಟ್ಟಿದ ಮೇಲೆಯೇ ಹಳೆಯದನ್ನು ಬಿಡಬೇಕು. ಕ್ರಮ ತಪ್ಪಿದರೆ ನಡುವಿನ ಒಂದೆರಡು ದಿನವೇ ಅಮಾನತಿಗೆ ಸಾಕು. ಕಾರು ಮಾರಿದೆನೆಂದು ವಿಮೆ ನಿಲ್ಲಿಸುವಂತಿಲ್ಲ. ಸ್ವಂತ ವಾಹನ ಇಲ್ಲದವರಿಗೆಂದೇ ಇರುವ ವಿಮೆಯನ್ನು ಕೊಂಡು ಪತ್ರವನ್ನು ಜೀವಂತವಾಗಿಡಬೇಕು. ಬೇರೆ ರಾಜ್ಯಕ್ಕೆ ವಲಸೆ ಹೋದರೂ ಹಳೆಯ ರಾಜ್ಯದ ಹೊಣೆ ಬೆನ್ನು ಬಿಡದು. ಮನೆ ಬದಲಿಸಿದರೆ ಕ್ಯಾಲಿಫೋರ್ನಿಯಾದಲ್ಲಿ ಹತ್ತು ದಿನದೊಳಗೆ ಇಲಾಖೆಗೆ ತಿಳಿಸಬೇಕು. ನಮ್ಮ ಹುಡುಗ ಮರೆತದ್ದು ಇದನ್ನೇ. ಕೆಲವು ರಾಜ್ಯಗಳಲ್ಲಂತೂ ನಡುವೆ ವಿಮೆ ಕಡಿದರೆ ಅಲ್ಲಿಯವರೆಗೆ ಸವೆಸಿದ ಅವಧಿ ಲೆಕ್ಕಕ್ಕೇ ಬಾರದು; ಮೊದಲ ದಿನದಿಂದ ಮತ್ತೆ ಎಣಿಕೆ. ಎರಡು ವರ್ಷ ಹನ್ನೊಂದು ತಿಂಗಳು ಶಿಸ್ತಿನಿಂದ ಇದ್ದವನೂ, ಮೊದಲ ತಿಂಗಳಲ್ಲೇ ಕೈಬಿಟ್ಟವನೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಇದರ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ನಮ್ಮ ಎಂಜಿನಿಯರ್‌ಗೆ ವಕೀಲನನ್ನು ಹಿಡಿಯುವ ಶಕ್ತಿ ಇತ್ತು. ಮನೆಯಿಂದ ಕೆಲಸ ಮಾಡುವ ಅನುಕೂಲವಿತ್ತು. ಆತನ ಭಯ ಬೇರೆಯದು. ಕುಡಿದು ಚಾಲನೆಯ ಆರೋಪದಲ್ಲಿ ಬಂಧಿತರಾದವರ ವೀಸಾವನ್ನು ರದ್ದುಪಡಿಸುವ ಪರಿಪಾಟವನ್ನು ಅಮೆರಿಕದ ವಿದೇಶಾಂಗ ಇಲಾಖೆ 2015ರಿಂದ ಇಟ್ಟುಕೊಂಡಿದೆ. ಊರಿಗೆ ಬಂದರೆ ಮರಳಿ ಹೋಗಲಾದೀತೇ ಎಂಬ ಅಳುಕಿನಿಂದ ಆತ ತಂಗಿಯ ಮದುವೆಗೂ ಬಂದಿರಲಿಲ್ಲ. ಅಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳು ಇಂಥ ಸಂಗತಿಗಳನ್ನು ಊರಿನವರಿಗೆ ಹೇಳುವುದಿಲ್ಲ. ಆದರೆ ಅದೇ ಊರಿನಲ್ಲಿ ರಾತ್ರಿ ಪಾಳಿಯಲ್ಲಿ ಕಚೇರಿಗಳನ್ನು ಗುಡಿಸುವವನ, ಕಟ್ಟಡ ಕೆಲಸಕ್ಕೆ ನಲವತ್ತು ಮೈಲಿ ಹೋಗುವವನ ಪಾಡೇನು? ಪರವಾನಗಿ ಹೋದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಕಂತು ಕಟ್ಟಲಾಗದು. ಕಂತು ಕಟ್ಟದಿದ್ದರೆ ಪರವಾನಗಿ ಬರುವುದಿಲ್ಲ. ಬಸ್ಸು ರೈಲುಗಳ ಅನುಕೂಲ ಕಡಿಮೆಯಿರುವ ನಾಡಿನಲ್ಲಿ ಈ ಸುಳಿಗೆ ಸಿಕ್ಕವನು ಕೊನೆಗೆ ಪರವಾನಗಿಯೂ ಇಲ್ಲದೆ, ವಿಮೆಯೂ ಇಲ್ಲದೆ ಕಾರು ಹತ್ತುತ್ತಾನೆ. ಯಾವ ದಾರಿಹೋಕನನ್ನು ಕಾಪಾಡಲು ಕಾನೂನು ಹೊರಟಿತ್ತೋ ಅವನಿಗೇ ಅದು ಅಪಾಯ ತಂದಂತಾಗುತ್ತದೆ.

ಕ್ಯಾಲಿಫೋರ್ನಿಯಾಕ್ಕೆ ಈ ಸಮಸ್ಯೆಯ ಅರಿವಿಲ್ಲವೆಂದಲ್ಲ. ಕಡಿಮೆ ಆದಾಯದವರಿಗಾಗಿ ಅಗ್ಗದ ವಿಮೆಯ ಯೋಜನೆಯೊಂದನ್ನು ಅದು 1999ರಲ್ಲೇ ರೂಪಿಸಿತು. ಆದರೆ ಅದು ಒಳ್ಳೆಯ ಚಾಲನಾ ದಾಖಲೆ ಇರುವವರಿಗೆ ಮಾತ್ರ. ಎಸ್‌ಆರ್-22ರ ಹೊರೆ ಹೊತ್ತ ಬಡವನಿಗೆ ಸಾಮಾನ್ಯವಾಗಿ ಅದರ ಬಾಗಿಲು ಮುಚ್ಚಿರುತ್ತದೆ. ಸಂಚಾರ ದಂಡ ಕಟ್ಟಲಿಲ್ಲವೆಂಬ ಒಂದೇ ಕಾರಣಕ್ಕೆ ಪರವಾನಗಿ ಅಮಾನತು ಮಾಡುವುದನ್ನು ಆ ರಾಜ್ಯ 2017ರಲ್ಲಿ ಕೈಬಿಟ್ಟಿತು. ಬಡತನವನ್ನು ಅಪರಾಧವೆಂದು ಎಣಿಸಬಾರದೆಂಬ ಅರಿವು ಅದರ ಹಿಂದಿತ್ತು. ವಿಮೆಯ ಕಂತಿನ ವಿಷಯದಲ್ಲಿ ಹಾಗೆ ಸುಲಭವಾಗಿ ಕೈಬಿಡಲು ಬರುವುದಿಲ್ಲ. ದಂಡ ಸರ್ಕಾರಕ್ಕೆ ಸೇರಬೇಕಾದ ಹಣ, ಸರ್ಕಾರ ಕಾಯಬಹುದು. ವಿಮೆ ಗಾಯಾಳುವಿಗೆ ಸೇರಬೇಕಾದ ಹಣ, ಗಾಯಾಳು ಕಾಯಲಾರ. ಅದೇ ಹೊತ್ತಿಗೆ, 1967ರಿಂದ ಬದಲಾಗದೆ ಇದ್ದ ಕನಿಷ್ಠ ವಿಮೆಯ ಮೊತ್ತವನ್ನು ಕ್ಯಾಲಿಫೋರ್ನಿಯಾ 2025ರ ಜನವರಿ 1ರಿಂದ ಏರಿಸಿದೆ. ಒಬ್ಬರ ಗಾಯಕ್ಕೆ 15 ಸಾವಿರ ಡಾಲರ್ ಇದ್ದದ್ದು 30 ಸಾವಿರವಾಗಿದೆ. ಅಲ್ಲಿನ ಆಸ್ಪತ್ರೆಗಳ ದರ ಬಲ್ಲವರು ಇದನ್ನು ಹೆಚ್ಚೆನ್ನಲಾರರು. ಆದರೂ ಮೊದಲೇ ಏದುಸಿರು ಬಿಡುತ್ತಿರುವ ಚಾಲಕನಿಗೆ ಇದೂ ಒಂದು ಭಾರವೇ.

ಈ ಎರಡು ನ್ಯಾಯಗಳ ತಾಕಲಾಟ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆಯೂ ಬಂದಿತ್ತು. 1968ರ ನವೆಂಬರಿನ ಒಂದು ಭಾನುವಾರ, ಜಾರ್ಜಿಯಾ ರಾಜ್ಯದಲ್ಲಿ ಐದು ವರ್ಷದ ಬಾಲಕಿಯೊಬ್ಬಳು ಸೈಕಲ್ಲಿನಲ್ಲಿ ಬಂದು ಪಾದ್ರಿಯೊಬ್ಬರ ಕಾರಿನ ಪಕ್ಕಕ್ಕೆ ಬಡಿದಳು. ಪಾದ್ರಿಗೆ ವಿಮೆ ಇರಲಿಲ್ಲ. ಬಾಲಕಿಯ ತಂದೆತಾಯಿ 5 ಸಾವಿರ ಡಾಲರ್ ಪರಿಹಾರ ಕೇಳಿದರು. ಭದ್ರತೆಯ ಹಣ ಇಡದಿದ್ದರೆ ಪರವಾನಗಿ ಅಮಾನತು ಎಂದಿತು ರಾಜ್ಯ. ತಪ್ಪು ಯಾರದೆಂಬುದನ್ನು ವಿಚಾರಣೆಯಲ್ಲಿ ಎತ್ತಲು ಅವಕಾಶವೇ ಇರಲಿಲ್ಲ. ಮೂರು ಹಳ್ಳಿಗಳ ಭಕ್ತರ ಬಳಿಗೆ ಕಾರಿನಲ್ಲೇ ಹೋಗಬೇಕಿದ್ದ ಪಾದ್ರಿ ನ್ಯಾಯಾಲಯದ ಮೊರೆಹೊಕ್ಕರು. 1971ರ ‘ಬೆಲ್ ವಿರುದ್ಧ ಬರ್ಸನ್’ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪಾದ್ರಿಯ ಪರ ನಿಂತಿತು. ಒಮ್ಮೆ ಕೊಟ್ಟ ಪರವಾನಗಿ ಮನುಷ್ಯನ ಜೀವನೋಪಾಯಕ್ಕೆ ಆಧಾರವಾಗಿರಬಹುದು. ಹೊಣೆಗಾರಿಕೆ ಅವನ ಮೇಲೆ ಬರುವ ಸಂಭವವಿದೆಯೇ ಎಂದು ವಿಚಾರಿಸದೆ ಅದನ್ನು ಕಿತ್ತುಕೊಳ್ಳುವಂತಿಲ್ಲ ಎಂಬುದು ಆ ತೀರ್ಪಿನ ಸಾರ. ವಿಮೆ ಬೇಡವೆಂದು ನ್ಯಾಯಾಲಯ ಹೇಳಲಿಲ್ಲ. ಕೇಳದೆ ಕಸಿಯಬೇಡಿ ಎಂದು ಹೇಳಿತು.

ಇದೆಲ್ಲ ದೂರದ ದೇಶದ ಸಂಗತಿ, ನಮಗೇಕೆ ಎಂದು ಓದುಗರು ಕೇಳಬಹುದು. ನನ್ನ ಮನಸ್ಸಿನಲ್ಲಿ ಇದು ಬೆಂಗಳೂರಿನ ಒಂದು ಘಟನೆಯೊಂದಿಗೆ ತಳಕು ಹಾಕಿಕೊಂಡಿದೆ. ನಮ್ಮ ಬೀದಿಯಲ್ಲಿ ತಳ್ಳುಗಾಡಿಯಲ್ಲಿ ತರಕಾರಿ ಮಾರುವ ಹೆಂಗಸಿನ ಗಂಡ ಮೈಸೂರು ರಸ್ತೆ ದಾಟುವಾಗ ಬೈಕ್ ಬಡಿದು ಕಾಲು ಕಳೆದುಕೊಂಡ. ಸವಾರ ಸಿಕ್ಕಿದ. ವಿಮೆಯ ಅವಧಿ ಮುಗಿದು ಹದಿನಾಲ್ಕು ತಿಂಗಳಾಗಿತ್ತು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಆಕೆಯ ಪರವಾಗಿಯೇ ಆದೇಶ ಮಾಡಿತು. ಆದರೆ ಹಣ ಕೊಡಬೇಕಾದವನು ದಿನಗೂಲಿಯ ಹುಡುಗ. ಅವನ ಬಳಿ ಜಪ್ತಿ ಮಾಡಲು ಆ ಬೈಕಿನ ಹೊರತು ಬೇರೇನೂ ಇರಲಿಲ್ಲ. ಆದೇಶದ ಪ್ರತಿ ಈಗಲೂ ಆ ಹೆಂಗಸಿನ ಟ್ರಂಕಿನಲ್ಲಿದೆ.

1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಮೂರನೇ ವ್ಯಕ್ತಿಯ ವಿಮೆಯನ್ನು ಕಡ್ಡಾಯಗೊಳಿಸಿದೆ. 2019ರ ತಿದ್ದುಪಡಿಯ ನಂತರ ವಿಮೆಯಿಲ್ಲದೆ ಓಡಿಸಿದರೆ ಮೊದಲ ಸಲ 2 ಸಾವಿರ, ಮರುಕಳಿಸಿದರೆ 4 ಸಾವಿರ ರೂಪಾಯಿ ದಂಡ. ಮೂರು ತಿಂಗಳವರೆಗೆ ಸೆರೆವಾಸಕ್ಕೂ ಅವಕಾಶವಿದೆ. ಆದರೂ ದೇಶದ ರಸ್ತೆಗಳ ಮೇಲಿನ ಸುಮಾರು ಅರ್ಧದಷ್ಟು ವಾಹನಗಳಿಗೆ ವಿಮೆ ಇಲ್ಲವೆಂಬುದನ್ನು ಸಂಸದೀಯ ಸಮಿತಿಯೇ ಎತ್ತಿ ತೋರಿಸಿದೆ. 2022ರಲ್ಲಿ ರಸ್ತೆ ಅಪಘಾತಗಳಲ್ಲಿ 1.68 ಲಕ್ಷ ಜನ ಸತ್ತ ದೇಶ ನಮ್ಮದು. ಹೊಸ ವಾಹನ ಕೊಳ್ಳುವಾಗ ವಿಮೆ ಇರುತ್ತದೆ, ಆಮೇಲೆ ನವೀಕರಣವಾಗುವುದಿಲ್ಲ ಎಂಬುದನ್ನು ಕಂಡೇ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷ, ದ್ವಿಚಕ್ರ ವಾಹನಕ್ಕೆ ಐದು ವರ್ಷಗಳ ವಿಮೆಯನ್ನು ಒಮ್ಮೆಗೇ ಪಡೆಯಬೇಕೆಂದು ಮಾಡಿತು. ಅದು ಸಮಸ್ಯೆಯನ್ನು ಮುಂದೂಡಿತೇ ಹೊರತು ಪರಿಹರಿಸಲಿಲ್ಲ. ಆರನೇ ವರ್ಷ ಏನಾಗುತ್ತದೆ ಎಂಬುದನ್ನು ನೋಡುವವರು ಯಾರೂ ಇಲ್ಲ.

ನಮ್ಮಲ್ಲಿ ವಿಮೆ ವಾಹನಕ್ಕೆ ಅಂಟಿಕೊಂಡಿದೆ, ಮನುಷ್ಯನಿಗಲ್ಲ. ಮೂರನೇ ವ್ಯಕ್ತಿಯ ವಿಮೆಯ ದರವನ್ನು ಕೇಂದ್ರ ಸರ್ಕಾರ ಎಂಜಿನ್ನಿನ ಗಾತ್ರ ನೋಡಿ ಗೊತ್ತುಪಡಿಸುತ್ತದೆ. ಮೂರು ಸಲ ಕುಡಿದು ಸಿಕ್ಕಿಬಿದ್ದವನೂ ಮೂವತ್ತು ವರ್ಷ ನಿಯಮ ಪಾಲಿಸಿದವನೂ ಕಟ್ಟುವುದು ಅಷ್ಟೇ. ವಿಮಾ ನಿಯಂತ್ರಣ ಪ್ರಾಧಿಕಾರ ನೇಮಿಸಿದ ಕಾರ್ಯತಂಡವೊಂದು 2021ರ ಜನವರಿಯಲ್ಲಿ, ಸಂಚಾರ ನಿಯಮ ಉಲ್ಲಂಘನೆಗೆ ತಕ್ಕಂತೆ ಹೆಚ್ಚುವರಿ ಪ್ರೀಮಿಯಂ ವಿಧಿಸಬೇಕೆಂದು ಶಿಫಾರಸು ಮಾಡಿತ್ತು. ಆ ವಿಚಾರ ಆಗಾಗ ತಲೆಯೆತ್ತುತ್ತಿರುತ್ತದೆ. ಹಾಗೊಮ್ಮೆ ನಾವು ಆ ದಾರಿಯಲ್ಲಿ ಹೆಜ್ಜೆ ಇಡುವುದಾದರೆ ಅಮೆರಿಕದಿಂದ ಕಲಿಯಬೇಕಾದದ್ದು ದರ ಏರಿಸುವ ವಿದ್ಯೆಯನ್ನಲ್ಲ. ದರ ಮಾತ್ರ ಏರಿಸಿ ನಿಗಾ ಇಡದಿದ್ದರೆ, ಈಗ ಕಟ್ಟುತ್ತಿರುವವರೂ ಕಟ್ಟುವುದನ್ನು ಬಿಟ್ಟಾರು.

ಕಲಿಯಬೇಕಾದದ್ದು ವಿಮೆ ನಿಂತ ಕೂಡಲೇ ಯಾರಿಗಾದರೂ ತಿಳಿಯುವ ಏರ್ಪಾಡನ್ನು. ಅದಕ್ಕೆ ಬೇಕಾದ ಸಾಧನಗಳು ನಮ್ಮಲ್ಲಿ ಈಗಾಗಲೇ ಇವೆ. ವಾಹನಗಳ ನೋಂದಣಿಯ ‘ವಾಹನ್’ ದತ್ತಾಂಶದಲ್ಲಿ ವಿಮೆಯ ಅವಧಿ ನಮೂದಾಗುತ್ತದೆ. ಯಾರು ಬೇಕಾದರೂ ಮೊಬೈಲಿನಲ್ಲಿ ನೋಡಬಹುದು. ಆದರೆ ಅವಧಿ ಮುಗಿದರೆ ತಾನಾಗಿ ಏನೂ ಆಗುವುದಿಲ್ಲ. ಅಪಘಾತವಾದ ಮೇಲೆ ನ್ಯಾಯಮಂಡಳಿಯಲ್ಲಿ ಗೊತ್ತಾಗುತ್ತದೆ. ಅವಧಿ ಮುಗಿಯುವ ಮೊದಲು ಮಾಲೀಕನಿಗೆ ಎರಡು ಮೂರು ಎಚ್ಚರಿಕೆ, ಮುಗಿದ ಮೇಲೆ ಕೆಲವು ದಿನಗಳ ಕಾಲಾವಕಾಶ, ಆಮೇಲೂ ಕಟ್ಟದಿದ್ದರೆ ನೋಂದಣಿಯ ಅಮಾನತು ಎಂಬ ಸರಳ ಕ್ರಮವನ್ನು ಜಾರಿಗೆ ತರಲು ಹೊಸ ತಂತ್ರಜ್ಞಾನವೇನೂ ಬೇಕಿಲ್ಲ. ಕುಡಿದು ಓಡಿಸಿ ಶಿಕ್ಷೆಗೊಳಗಾದವರ ಪರವಾನಗಿಯನ್ನು ಅವರ ವಿಮೆಯ ದಾಖಲೆಗೆ ಕೆಲವು ವರ್ಷ ಜೋಡಿಸುವುದನ್ನೂ ಪರಿಶೀಲಿಸಬಹುದು.

ಹಾಗೆಯೇ ಅಮೆರಿಕ ಎಡವಿದ ಕಡೆ ನಾವು ಎಡವಬೇಕಾಗಿಲ್ಲ. ಕುಡಿದು ಓಡಿಸುವುದು ಒಂದು ಬಗೆಯ ತಪ್ಪು, ಕಂತು ಮರೆಯುವುದು ಇನ್ನೊಂದು ಬಗೆಯ ತಪ್ಪು. ಎರಡನೆಯದಕ್ಕೆ ಮೊದಲನೆಯದರ ಶಿಕ್ಷೆಯನ್ನು ಮತ್ತೆ ಮೊದಲಿನಿಂದ ಉಣಿಸಬಾರದು. ಕಂತು ತಪ್ಪಿ ಹದಿನೈದು ದಿನದೊಳಗೆ ಕಟ್ಟಿದವನ ಅವಧಿಗೆ ಅಷ್ಟೇ ದಿನ ಸೇರಿಸಿದರೆ ಸಾಕು. ಅಮಾನತಿನ ಸೂಚನೆ ಅಂಚೆಯಲ್ಲಷ್ಟೇ ಅಲ್ಲದೆ ಮೊಬೈಲಿಗೂ ಹೋಗಬೇಕು, ಅದು ಕನ್ನಡದಲ್ಲಿರಬೇಕು. ಆಟೊ ಚಾಲಕನಿಗೆ, ಸರಕು ಗಾಡಿಯವನಿಗೆ ವರ್ಷದ ಮೊತ್ತವನ್ನು ಸಣ್ಣ ಕಂತುಗಳಲ್ಲಿ ಕಟ್ಟುವ ಅವಕಾಶ ಬೇಕು. ಗಾಯಾಳುವಿನ ರಕ್ಷಣೆಯ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2012ರಲ್ಲೇ ದಾರಿ ತೋರಿದೆ. ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ವಿರುದ್ಧ ಲಕ್ಷ್ಮಮ್ಮ ಪ್ರಕರಣದಲ್ಲಿ, ಪ್ರೀಮಿಯಂ ಚೆಕ್ ಅಮಾನ್ಯವಾದರೂ ವಿಮೆ ರದ್ದಾದ ಸೂಚನೆ ಮಾಲೀಕನಿಗೆ ಮುಟ್ಟುವ ಮೊದಲು ಅಪಘಾತ ನಡೆದರೆ ಮೂರನೇ ವ್ಯಕ್ತಿಗೆ ಕಂಪೆನಿಯೇ ಪರಿಹಾರ ಕೊಡಬೇಕೆಂದು ಅದು ಹೇಳಿತು. ಎಸ್‌ಆರ್-22ರ ಹತ್ತು ದಿನಗಳ ನಿಯಮದ ಹಿಂದಿರುವುದೂ ಇದೇ ನ್ಯಾಯ. ಅದನ್ನು ಒಂದು ತೀರ್ಪಿನ ಮಾತಾಗಿ ಉಳಿಸದೆ ಕಾನೂನಿನ ನಿಯಮವಾಗಿಸಬೇಕು.

ಸ್ಯಾನ್ ಹೋಸೆಯ ಹುಡುಗ ಮತ್ತೆ ವಿಮೆ ಮಾಡಿಸಿ ಹೊಸ ಪತ್ರ ಸಲ್ಲಿಸಿದ್ದಾನೆ. ವಿಳಾಸವನ್ನು ಸರಿಪಡಿಸಿದ್ದಾನೆ. ಕಂತಿನ ದಿನಕ್ಕೆ ವಾರ ಮೊದಲೇ ನೆನಪಿಸುವಂತೆ ತಾಯಿಗೂ ಹೇಳಿಟ್ಟಿದ್ದಾನಂತೆ. ಆಕೆ ಶಿವಮೊಗ್ಗದಿಂದ ತಿಂಗಳಿಗೊಮ್ಮೆ ಫೋನ್ ಮಾಡಿ ವಿಮೆ ಕಟ್ಟಿದೆಯಾ ಎಂದು ಕೇಳುತ್ತಾರೆ. ನಮ್ಮ ಬೀದಿಯ ಆ ಬೈಕ್ ಸವಾರನನ್ನು ಹಾಗೆ ಕೇಳುವವರು ಹದಿನಾಲ್ಕು ತಿಂಗಳಲ್ಲಿ ಒಬ್ಬರೂ ಇರಲಿಲ್ಲ. ಸರ್ಕಾರದ ಒಂದು ಕಂಪ್ಯೂಟರ್ ಒಮ್ಮೆ ಕೇಳಿದ್ದರೂ ಆ ಕುಟುಂಬಕ್ಕೆ ಇಂದು ಕೈಯಲ್ಲಿ ಕಾಗದದ ಬದಲು ಹಣವಿರುತ್ತಿತ್ತು.